ಹುಡುಗನ ಬೆಲೆ ಬರೆಯೋದು ಯಾರು?

2015ರ ಫೆಬ್ರವರಿ 16. ಬೆಂಗಳೂರಿನಲ್ಲಿ ಐಪಿಎಲ್ ಹರಾಜು. ಒಂದು ಹೆಸರು ಕೂಗಿದರು: ಕೆ.ಸಿ. ಕಾರ್ಯಪ್ಪ. ಮೂಲಬೆಲೆ 10 ಲಕ್ಷ ರೂಪಾಯಿ. ಕರ್ನಾಟಕದವರಾದ ನಮ್ಮಲ್ಲೇ ಎಷ್ಟೋ ಜನರಿಗೆ ಆ ಹೆಸರು ಹೊಸದು. ಆದರೆ ಒಂದು ಫಲಕ ಮೇಲೆದ್ದಿತು, ಎದುರಿಗೆ ಇನ್ನೊಂದು ಎದ್ದಿತು, ಎರಡೂ ಕೆಳಗಿಳಿಯಲೇ ಇಲ್ಲ. ಕೊನೆಗೆ ಕೋಲ್ಕತ್ತ ನೈಟ್ ರೈಡರ್ಸ್ ಆತನನ್ನು ಕೊಂಡಿದ್ದು 2 ಕೋಟಿ 40 ಲಕ್ಷಕ್ಕೆ. ಮೂಲಬೆಲೆಯ 24 ಪಟ್ಟು!

ವಯಸ್ಸು ಇಪ್ಪತ್ತು. ಕೊಡಗಿನ ಹುಡುಗ, ಸ್ಪಿನ್ನರ್. ಕರ್ನಾಟಕದ ಪರ ಒಂದೇ ಒಂದು ರಣಜಿ ಪಂದ್ಯ ಆಡಿರಲಿಲ್ಲ. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಿಜಾಪುರ ಬುಲ್ಸ್ ಪರ ಬೌಲಿಂಗ್ ಮಾಡಿದ್ದ, ಅಷ್ಟೆ. ಚೆಂಡು ಯಾವ ಕಡೆ ತಿರುಗುತ್ತೆ ಅಂತ ಬ್ಯಾಟ್ಸ್‌ಮನ್‌ಗೆ ಗೊತ್ತಾಗಲ್ಲ ಅನ್ನೋ ಸುದ್ದಿ ಇತ್ತು. 'ಮಿಸ್ಟರಿ ಸ್ಪಿನ್ನರ್' ಅಂದರು. ಮಿಸ್ಟರಿ ಅನ್ನೋ ಆ ಒಂದು ಪದವನ್ನ ನೆನಪಿಟ್ಟುಕೊಳ್ಳಿ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಆ ಸೀಸನ್‌ನಲ್ಲಿ ಕಾರ್ಯಪ್ಪ ಅವರಿಗೆ ಸಿಕ್ಕಿದ್ದು ಒಂದೇ ಪಂದ್ಯ, ಈಡನ್ ಗಾರ್ಡನ್ಸ್‌ನಲ್ಲಿ ಆರ್‌ಸಿಬಿ ವಿರುದ್ಧ. ಅದರಲ್ಲೂ ಸುಮ್ಮನೆ ಬರಲಿಲ್ಲ, ಎಬಿ ಡಿವಿಲಿಯರ್ಸ್ ವಿಕೆಟ್ ತಗೊಂಡು ಬಂದರು. ಮುಂದಿನ ವರ್ಷ ತಂಡ ಕೈಬಿಟ್ಟಿತು. 2016ರ ಹರಾಜಿನಲ್ಲಿ ಪಂಜಾಬ್ ಕೊಂಡಿದ್ದು 80 ಲಕ್ಷಕ್ಕೆ. ಒಂದು ವರ್ಷದಲ್ಲಿ ಹುಡುಗ ಬೌಲಿಂಗ್ ಮರೆತನಾ? ಕೈ ಬದಲಾಯಿತಾ? ಇಲ್ಲ. ಹಾಗಾದರೆ ಬೆಲೆ ಮೂರನೇ ಒಂದು ಭಾಗಕ್ಕೆ ಇಳಿದಿದ್ದು ಯಾಕೆ?

ಈ ಪ್ರಶ್ನೆಗೆ ಉತ್ತರ ಬೇಕಾದರೆ ಕ್ರಿಕೆಟ್ ಪಂಡಿತರ ಹತ್ತಿರ ಹೋಗಬೇಕಾಗಿಲ್ಲ. ಜಂಗಮಕೋಟೆಯ ಯಾವುದಾದರೂ ರೇಷ್ಮೆ ಬೆಳೆಗಾರರನ್ನ ಕೇಳಿ. ಹುಳು ಹಣ್ಣಾಗಿ, ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ತಂದು ಸುರಿಯೋ ರೈತನಿಗೆ ಹರಾಜು ಅಂದರೆ ಏನು ಅಂತ ಟಿವಿ ಹೇಳಿಕೊಡಬೇಕಾಗಿಲ್ಲ.

ಅಲ್ಲಿ ಏನಾಗುತ್ತೆ? ರೀಲರ್ ಬರ್ತಾನೆ. ಒಂದು ಹಿಡಿ ಗೂಡು ಎತ್ತಿಕೊಳ್ತಾನೆ. ಅದುಮಿ ನೋಡ್ತಾನೆ, ಕಿವಿ ಹತ್ತಿರ ಅಲ್ಲಾಡಿಸ್ತಾನೆ, ಬೇಕಾದರೆ ಒಂದನ್ನ ಕತ್ತರಿಸಿ ಒಳಗಿನ ಹುಳು ನೋಡ್ತಾನೆ. ಆದರೆ ಅವನಿಗೆ ಬೇಕಿರೋದು ಗೂಡಲ್ಲ, ನೂಲು. ಒಂದು ಕೆ.ಜಿ. ನೂಲು ತೆಗೆಯೋಕೆ ಎಷ್ಟು ಕೆ.ಜಿ. ಗೂಡು ಬೇಕು ಅನ್ನೋದರ ಮೇಲೆ ಅವನ ಲಾಭ ನಿಂತಿದೆ. ಅದು ಗೊತ್ತಾಗೋದು ಗೂಡನ್ನ ಮನೆಗೆ ತಗೊಂಡು ಹೋಗಿ, ಬಿಸಿನೀರಿನಲ್ಲಿ ಬೇಯಿಸಿ, ಎಳೆ ತೆಗೆದಾಗ ಮಾತ್ರ. ಅಂದರೆ ಕೂಗೋ ಬೆಲೆ ಅಂದಾಜಿನ ಬೆಲೆ.

ಈಗ ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ. ಹತ್ತು ವರ್ಷದಿಂದ ಅದೇ ಮಾರುಕಟ್ಟೆಗೆ ಬರ್ತಾ ಇರೋ ರೈತ ತಂದ ಗೂಡು. ಅವನ ಗೂಡಿನಲ್ಲಿ ನೂಲು ಎಷ್ಟು ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಹತ್ತು ಜನ ರೀಲರ್‌ಗಳ ಅಂದಾಜು 490ರಿಂದ 510 ರೂಪಾಯಿ ಒಳಗೇ ಇರುತ್ತೆ. ಪಕ್ಕದಲ್ಲಿ ಹೊಸ ರೈತ, ಹೊಸ ತಳಿ. ಯಾರೂ ಆ ನೂಲು ತೆಗೆದು ನೋಡಿಲ್ಲ. ಅಲ್ಲಿ ಒಬ್ಬನ ಅಂದಾಜು 350, ಇನ್ನೊಬ್ಬನದು 600, ಮತ್ತೊಬ್ಬನದು 650. ಗೂಡು ಯಾರಿಗೆ ಹೋಗುತ್ತೆ? 650 ಅಂದವನಿಗೆ. ಎಷ್ಟಕ್ಕೆ ಹೋಗುತ್ತೆ? 600 ಅಂದವನು ಸುಮ್ಮನಾದ ಮೇಲೆ ಇನ್ನೊಂದು ಕೂಗಿಗೆ.

ಇದರಲ್ಲಿ ಎರಡು ಸತ್ಯ ಇದೆ. ಒಂದು, ಬೆಲೆ ನಿಗದಿ ಮಾಡೋದು ಗೆದ್ದವನಲ್ಲ, ಕೊನೆಯಲ್ಲಿ ಸೋತವನು. ಎದುರಿಗೆ ಕೂಗೋನು ಇಲ್ಲದಿದ್ದರೆ ಚಿನ್ನದಂಥ ಗೂಡೂ ಮೂಲಬೆಲೆಗೇ ಹೋಗುತ್ತೆ. ಎರಡು, ಅಂದಾಜುಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಮಾಲು ಹೋಗೋದು ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟವನ ಕೈಗೆ. ಅಂದರೆ ಯಾರ ಬಗ್ಗೆ ನಮಗೆ ಕಡಿಮೆ ಗೊತ್ತೋ, ಅವರಿಗೇ ಕೆಲವೊಮ್ಮೆ ಅತಿ ಹೆಚ್ಚು ಬೆಲೆ. ಕಾರ್ಯಪ್ಪ ಅವರ ವಿಷಯದಲ್ಲಿ ಆಗಿದ್ದು ಇದೇ. 2 ಕೋಟಿ 40 ಲಕ್ಷದಲ್ಲಿ ಪ್ರತಿಭೆಯ ಪಾಲು ಇತ್ತು, ಇಲ್ಲ ಅನ್ನೋಲ್ಲ. ಆದರೆ ಮಿಸ್ಟರಿಯ ಪಾಲು ದೊಡ್ಡದಿತ್ತು. ವರ್ಷ ಕಳೆಯೋ ಹೊತ್ತಿಗೆ ಮಿಸ್ಟರಿ ಕರಗಿತು, ಅಂದಾಜುಗಳು ಹತ್ತಿರ ಬಂದವು, ಬೆಲೆ ಇಳಿಯಿತು.

ಇನ್ನೊಂದು ಉದಾಹರಣೆ ನೋಡಿ. ವರುಣ್ ಚಕ್ರವರ್ತಿ. ಆಡೋದು ತಮಿಳುನಾಡಿನ ಪರ, ಹುಟ್ಟಿದ್ದು ನಮ್ಮ ಬೀದರ್‌ನಲ್ಲಿ. 2018ರ ಡಿಸೆಂಬರ್‌ನಲ್ಲಿ ಮೂಲಬೆಲೆ 20 ಲಕ್ಷ. ಪಂಜಾಬ್ ಕೊಟ್ಟಿದ್ದು 8 ಕೋಟಿ 40 ಲಕ್ಷ. ಆ ಸೀಸನ್‌ನಲ್ಲಿ ಆಡಿದ್ದು ಒಂದೇ ಪಂದ್ಯ. ಮೊದಲ ಓವರ್‌ನಲ್ಲೇ ಸುನಿಲ್ ನರೈನ್ ದಂಡಿಸಿಬಿಟ್ಟರು. ಮುಂದಿನ ಹರಾಜಿನಲ್ಲಿ ಕೋಲ್ಕತ್ತ ಕೊಂಡಿದ್ದು 4 ಕೋಟಿಗೆ. 'ಮುಗೀತು ಕಥೆ' ಅಂದವರು ಕಡಿಮೆ ಇರಲಿಲ್ಲ. ಅದೇ ವರುಣ್ 2025ರ ಮಾರ್ಚ್‌ನಲ್ಲಿ ದುಬೈನಲ್ಲಿ ನ್ಯೂಜಿಲೆಂಡ್ ವಿರುದ್ಧ 5 ವಿಕೆಟ್ ಕಿತ್ತರು, ಚಾಂಪಿಯನ್ಸ್ ಟ್ರೋಫಿ ಗೆದ್ದ ತಂಡದಲ್ಲಿದ್ದರು. ಹಾಗಾದರೆ ಯಾವ ಬೆಲೆ ಸರಿ? 8.40 ಕೋಟಿಯೂ ಅಂದಾಜು, 4 ಕೋಟಿಯೂ ಅಂದಾಜು. ಬೆಲೆ ಏರಿದ್ದಕ್ಕೆ ಬೀಗೋದು ಎಷ್ಟು ತಪ್ಪೋ, ಇಳಿದಿದ್ದಕ್ಕೆ ಹುಡುಗನನ್ನ ಹಳಿಯೋದೂ ಅಷ್ಟೇ ತಪ್ಪು.

ದೇವದತ್ತ ಪಡಿಕ್ಕಲ್ ಅವರ ಲೆಕ್ಕ ಇನ್ನೂ ಸ್ವಾರಸ್ಯ. ಆರ್‌ಸಿಬಿ ಮೊದಲು ಕೊಂಡಿದ್ದು 20 ಲಕ್ಷಕ್ಕೆ. 2020ರಲ್ಲಿ 473 ರನ್ ಹೊಡೆದರು. 2022ರಲ್ಲಿ ರಾಜಸ್ಥಾನ ಕೊಟ್ಟಿದ್ದು 7 ಕೋಟಿ 75 ಲಕ್ಷ. ಮುಂದೆ ಟೆಸ್ಟ್ ಕ್ಯಾಪ್ ಸಿಕ್ಕಿತು, ಮೊದಲ ಇನಿಂಗ್ಸ್‌ನಲ್ಲೇ 65 ಹೊಡೆದರು. ಅಷ್ಟಾದ ಮೇಲೆ 2024ರ ನವೆಂಬರ್‌ನಲ್ಲಿ ಜೆಡ್ಡಾ ಹರಾಜಿನಲ್ಲಿ ಹೆಸರು ಕೂಗಿದಾಗ ಮೊದಲ ಸುತ್ತಿನಲ್ಲಿ ಯಾರೂ ಕೈ ಎತ್ತಲಿಲ್ಲ. ಆಮೇಲೆ ಆರ್‌ಸಿಬಿ ಮೂಲಬೆಲೆ 2 ಕೋಟಿಗೆ ಕರೆದುಕೊಂಡಿತು. ಟೆಸ್ಟ್ ಆಡೋ ಮೊದಲು ಏಳೂಮುಕ್ಕಾಲು ಕೋಟಿ, ಟೆಸ್ಟ್ ಆಡಿದ ಮೇಲೆ ಎರಡು ಕೋಟಿ! ಎದುರಿಗೆ ಕೂಗೋನು ಇರಲಿಲ್ಲ, ಅಷ್ಟೆ.

ಕೆಲವೊಮ್ಮೆ ಆಟಗಾರ ಎಲ್ಲರಿಗೂ ಗೊತ್ತಿರೋನೇ ಆಗಿದ್ದರೂ ಬೆಲೆ ಗಗನಕ್ಕೆ ಹೋಗುತ್ತೆ. ಕೃಷ್ಣಪ್ಪ ಗೌತಮ್ ಅವರನ್ನ ನೆನಪು ಮಾಡಿಕೊಳ್ಳಿ. 2021ರಲ್ಲಿ ಚೆನ್ನೈ ಸೂಪರ್ ಕಿಂಗ್ಸ್ 20 ಲಕ್ಷದ ಮೂಲಬೆಲೆಯಿಂದ 9 ಕೋಟಿ 25 ಲಕ್ಷಕ್ಕೆ ಕೊಂಡಿತು. ಭಾರತದ ಪರ ಆಡದ ಆಟಗಾರನಿಗೆ ಅಲ್ಲಿವರೆಗೆ ಅಷ್ಟು ದೊಡ್ಡ ಮೊತ್ತ ಸಿಕ್ಕಿರಲಿಲ್ಲ. ಅವರು ಆ ವರ್ಷ ಎಷ್ಟು ಪಂದ್ಯ ಆಡಿದರು? ಸೊನ್ನೆ. ಚೆನ್ನೈ ಕಪ್ ಗೆದ್ದಿತು, ಗೌತಮ್ ಬೆಂಚಿನಲ್ಲಿದ್ದರು. ಮುಂದಿನ ವರ್ಷ ಲಖನೌಗೆ 90 ಲಕ್ಷ. ತಂಡದಲ್ಲಿ ಒಂದು ಜಾಗ ಖಾಲಿ ಇದೆ, ಜೇಬಿನಲ್ಲಿ ದುಡ್ಡಿದೆ, ಎದುರಿಗಿರೋ ತಂಡಕ್ಕೂ ಅದೇ ಬೇಕಾಗಿದೆ. ಈ ಮೂರೂ ಕೂಡಿದ ದಿನ ಬೆಲೆ ಹಾರುತ್ತೆ. ಈ ಮೂರರಲ್ಲಿ ಒಂದಾದರೂ ಆಟಗಾರನ ಕೈಯಲ್ಲಿದೆಯಾ?

ಇದು ನಮ್ಮ ದೇಶದ ಹುಚ್ಚು ಮಾತ್ರ ಅಂದುಕೊಳ್ಳಬೇಡಿ. ಕಾರ್ಯಪ್ಪ ಹರಾಜಾದ ಅದೇ 2015ರ ಫೆಬ್ರವರಿಯಲ್ಲಿ ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಂದು ದೊಡ್ಡ ಸುದ್ದಿ. ಕ್ಯೂಬಾದ ಹುಡುಗ ಯೋವಾನ್ ಮೊಂಕಾಡ, ವಯಸ್ಸು 19. ಬೋಸ್ಟನ್ ರೆಡ್ ಸಾಕ್ಸ್ ಅವನಿಗೆ ಸಹಿ ಹಾಕಿದ್ದಕ್ಕೇ ಕೊಟ್ಟ ಮೊತ್ತ 3 ಕೋಟಿ 15 ಲಕ್ಷ ಡಾಲರ್. ಅಲ್ಲಿ ವಿದೇಶಿ ಹುಡುಗರಿಗೆ ತಂಡ ಎಷ್ಟು ಖರ್ಚು ಮಾಡಬಹುದು ಅಂತ ಲೀಗ್ ಒಂದು ಮಿತಿ ಹಾಕಿತ್ತು. ಮಿತಿ ದಾಟಿದರೆ ದಾಟಿದಷ್ಟೇ ದುಡ್ಡು ದಂಡ. ಬೋಸ್ಟನ್ ಆಗಲೇ ಮಿತಿ ದಾಟಿತ್ತು. ಹಾಗಾಗಿ ಹುಡುಗನಿಗೆ ಕೊಟ್ಟಷ್ಟನ್ನೇ ಲೀಗ್‌ಗೂ ಕಟ್ಟಿತು. ಒಟ್ಟು 6 ಕೋಟಿ 30 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 390 ಕೋಟಿ ರೂಪಾಯಿ. ಆದರೆ ಹುಡುಗನ ಕೈಗೆ ಹೋಗಿದ್ದು ಅದರಲ್ಲಿ ಅರ್ಧ. ಜನ ಮಾತ್ರ ಪೂರ್ತಿ ಮೊತ್ತವನ್ನ ಅವನ ತಲೆ ಮೇಲೇ ಹಾಕಿದರು.

ಮೊಂಕಾಡ ಬೋಸ್ಟನ್ ಪರ ಮುಖ್ಯ ಲೀಗ್‌ನಲ್ಲಿ ಆಡಿದ್ದು 8 ಪಂದ್ಯ. 2016ರ ಡಿಸೆಂಬರ್‌ನಲ್ಲಿ ಅವನನ್ನೂ ಇನ್ನು ಮೂವರು ಹುಡುಗರನ್ನೂ ಶಿಕಾಗೋ ವೈಟ್ ಸಾಕ್ಸ್‌ಗೆ ಕೊಟ್ಟು, ಕ್ರಿಸ್ ಸೇಲ್ ಅನ್ನೋ ಹೆಸರಾಂತ ಪಿಚರ್‌ನ ತಗೊಂಡರು. 2018ರಲ್ಲಿ ಬೋಸ್ಟನ್ ವಿಶ್ವ ಸರಣಿ ಗೆದ್ದಾಗ ಕೊನೆಯ ಔಟ್ ತೆಗೆದಿದ್ದು ಅದೇ ಸೇಲ್. ಹಾಗಾದರೆ ಬೋಸ್ಟನ್‌ಗೆ ನಷ್ಟ ಆಯ್ತಾ? ಇಲ್ಲ. ಅಷ್ಟು ಬೆಲೆ ತೆತ್ತು ತಂದ ಹುಡುಗ ಎರಡೇ ವರ್ಷದಲ್ಲಿ ಇನ್ನೊಂದು ವ್ಯಾಪಾರದ ಬಂಡವಾಳ ಆದ. ಶಿಕಾಗೋದಲ್ಲಿ ಮೊಂಕಾಡ 2019ರಲ್ಲಿ 25 ಹೋಮ್ ರನ್ ಹೊಡೆದ. ಒಳ್ಳೆ ಆಟವೇ. ಆದರೆ 6 ಕೋಟಿ ಡಾಲರ್‌ನ ಹುಡುಗ ಅಂತ ಮೊದಲ ದಿನ ಕಟ್ಟಿದ ಫಲಕ ಕುತ್ತಿಗೆಯಿಂದ ಇಳಿಯಲಿಲ್ಲ.

ಹರಾಜೇ ಕೆಟ್ಟದ್ದಾ ಹಾಗಾದರೆ? ಅಲ್ಲ. ನ್ಯಾಯವಾಗಿ ಮಾತಾಡಬೇಕು. 2013ರವರೆಗೆ ಭಾರತದ ಪರ ಆಡದ ನಮ್ಮ ಹುಡುಗರಿಗೆ ಐಪಿಎಲ್‌ನಲ್ಲಿ 10, 20, 30 ಲಕ್ಷ ಅಂತ ಕಟ್ಟಿಟ್ಟ ದರ ಇತ್ತು. ಎಷ್ಟು ಚೆನ್ನಾಗಿ ಆಡಿದರೂ ಅಷ್ಟೇ. 2014ರಿಂದ ಅವರೂ ಹರಾಜಿಗೆ ಬಂದರು. ದುಡ್ಡು ಬಾಗಿಲ ಹಿಂದೆ ಅಲ್ಲ, ಎಲ್ಲರ ಕಣ್ಣೆದುರು ಸಿಗೋ ಹಾಗಾಯ್ತು. ಇದು ಒಳ್ಳೇದೇ. ಕೊಡೋನಿಗೆ ದುಡ್ಡಿದೆ, ಆಡೋ ಹುಡುಗನಿಗೆ ಸಿಗಲಿ ಬಿಡಿ.

ತೊಂದರೆ ಇರೋದು ಬೇರೆ ಕಡೆ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಹೋದವರಿಗೆ ಗೊತ್ತು, ಎತ್ತಿನ ಹಲ್ಲು ನೋಡಿ, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡ್ತಾರೆ. ಎತ್ತಿನ ಬೆಲೆಯನ್ನೇ ಮುಚ್ಚಿಟ್ಟು ಮಾತಾಡ್ತೀವಿ ನಾವು. ಆದರೆ ಹುಡುಗನ ಬೆಲೆಯನ್ನ ದೇಶಕ್ಕೆಲ್ಲ ಕೇಳೋ ಹಾಗೆ ಕೂಗ್ತೀವಿ. ಗೂಡಿಗೆ ತನ್ನ ಬೆಲೆ ಕೇಳಿಸಲ್ಲ. ಹುಡುಗನಿಗೆ ಕೇಳಿಸುತ್ತೆ. ನೂಲು ಕಡಿಮೆ ಬಂದರೆ ರೀಲರ್ ತನ್ನ ಅಂದಾಜನ್ನ ಬೈದುಕೊಳ್ತಾನೆ. ವಿಕೆಟ್ ಬೀಳದಿದ್ದರೆ ಅಂದಾಜು ಮಾಡಿದವರನ್ನ ಯಾರೂ ಕೇಳಲ್ಲ, 'ಎರಡು ಕೋಟಿ ತಗೊಂಡು ಹಿಂಗಾ ಆಡೋದು' ಅಂತ ಹುಡುಗನನ್ನೇ ಕೇಳ್ತಾರೆ. ಅಂದಾಜು ಮಾಡಿದ್ದು ಒಬ್ಬರು, ಉತ್ತರ ಕೊಡಬೇಕಾದವನು ಇನ್ನೊಬ್ಬ.

ಇನ್ನೊಂದು ತೊಂದರೆ ನಮ್ಮ ಮನೆಗಳಲ್ಲಿದೆ. 2024ರ ಅದೇ ಜೆಡ್ಡಾ ಹರಾಜಿನಲ್ಲಿ ಬಿಹಾರದ 13 ವರ್ಷದ ವೈಭವ್ ಸೂರ್ಯವಂಶಿಗೆ 1 ಕೋಟಿ 10 ಲಕ್ಷ ಸಿಕ್ಕಿತು. ಮುಂದಿನ ಏಪ್ರಿಲ್‌ನಲ್ಲಿ ಜೈಪುರದಲ್ಲಿ 35 ಎಸೆತಕ್ಕೆ ಶತಕ ಬಾರಿಸಿದ. ಮಗನ ಕ್ರಿಕೆಟ್‌ಗಾಗಿ ಜಮೀನು ಮಾರಿದೆ ಅಂತ ಅವರ ತಂದೆ ಪತ್ರಿಕೆಗಳಿಗೆ ಹೇಳಿದರು. ಕೇಳೋಕೆ ರೋಮಾಂಚನ. ಆದರೆ ಆ ಹರಾಜಿಗೆ ಹೆಸರು ಕೊಟ್ಟವರು 1,574 ಜನ. ಮಾರಾಟವಾದವರು 182. ಉಳಿದವರಲ್ಲೂ ಯಾರ ತಂದೆಯಾದರೂ ಜಮೀನು ಮಾರಿರಬಹುದು. ಅವರನ್ನ ಹುಡುಕಿಕೊಂಡು ಯಾವ ಕ್ಯಾಮೆರಾನೂ ಹೋಗಲ್ಲ.

ಆದ್ದರಿಂದ ಜಂಗಮಕೋಟೆ ಹೋಬಳಿಯಲ್ಲಿ, ಚಿಂತಾಮಣಿಯಲ್ಲಿ, ಗೌರಿಬಿದನೂರಿನಲ್ಲಿ ಮಗನ ಕೈಯಲ್ಲಿ ಬ್ಯಾಟು ನೋಡಿ ಕನಸು ಕಾಣ್ತಾ ಇರೋ ಅಪ್ಪ ಅಮ್ಮಂದಿರೇ, ಕನಸು ಬಿಡಿ ಅಂತ ಹೇಳ್ತಾ ಇಲ್ಲ. ಲೆಕ್ಕ ಮಾತ್ರ ಸರಿಯಾಗಿ ಹಾಕಿ. ಟಿವಿಯಲ್ಲಿ ಕಾಣೋ ಕೋಟಿ ಒಂದು ಸೀಸನ್‌ನ ಸಂಬಳ, ಜೀವನದ ಸಂಬಳ ಅಲ್ಲ. ಅದರಲ್ಲಿ ತೆರಿಗೆ ಹೋಗುತ್ತೆ. ತಂಡ ಕೈಬಿಟ್ಟರೆ ಮತ್ತೆ ಮೂಲಬೆಲೆಯಿಂದ ಶುರು. ಹುಡುಗ ಹತ್ತನೇ ಕ್ಲಾಸು ಬಿಟ್ಟು ಅಕಾಡೆಮಿ ಸೇರ್ತೀನಿ ಅಂದರೆ, ಹರಾಜಿನ ಮೊತ್ತ ನೋಡಿ ಹೂಂ ಅನ್ನಬೇಡಿ. ಈ ವಯಸ್ಸಿನಲ್ಲಿ ಎಷ್ಟು ಪಂದ್ಯ ಆಡ್ತಾನೆ, ಯಾರ ಕೈ ಕೆಳಗೆ ಕಲೀತಾನೆ, ಓದು ಜೊತೆಗೆ ಸಾಗುತ್ತಾ ಅಂತ ಕೇಳಿ. ಅವನ ಕೈಯಲ್ಲಿರೋದು ಇಷ್ಟೇ. ಉಳಿದಿದ್ದು ಯಾರದೋ ಜೇಬು, ಯಾರದೋ ಹಠ.

ಮುಂದಿನ ಹರಾಜಿನಲ್ಲಿ ಮತ್ತೊಬ್ಬ ಅಪರಿಚಿತ ಹುಡುಗನ ಹೆಸರು ಬರುತ್ತೆ, ಕೋಟಿ ದಾಟುತ್ತೆ, ಬರೆದಿಟ್ಟುಕೊಳ್ಳಿ. ನಮ್ಮ ಕಡೆಯವನಾದರೆ ಇನ್ನೂ ಖುಷಿ, ಪಟಾಕಿ ಹೊಡೀರಿ. ಆದರೆ ಆರು ತಿಂಗಳ ನಂತರ ಅವನು ಎರಡು ಕ್ಯಾಚ್ ಬಿಟ್ಟಾಗ ಅವನ ಬೆಲೆಯನ್ನ ಅವನ ಮುಖಕ್ಕೆ ಎಸೆಯಬೇಡಿ. ಆ ಬೆಲೆ ಬರೆದಿದ್ದು ಅವನಲ್ಲ.