ಸರ್ವರ್ ನಿಂತರೆ: ಕಡತಕ್ಕೂ ಉಂಟು ಹಕ್ಕುಪತ್ರ

ರಾಯಚೂರು ಜಿಲ್ಲೆಯ ತುರ್ವಿಹಾಳದ ರೈತ ಬೆಳೆಸಾಲ ಕೇಳಲು ಹೋದರೆ ಬ್ಯಾಂಕು ಮೊದಲು ಕೇಳುವುದು ಪಹಣಿ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಮೇಲೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಅದರ ಜೊತೆಗೇ 'ಸರ್ವರ್ ಡೌನ್' ಎಂಬ ಮಾತೂ ಹಳ್ಳಿಗಳಿಗೆ ಬಂದಿತು.

ವಿದ್ಯುತ್ ಕಡಿತ, ಸಂಪರ್ಕ ಲೋಪ, ಅತಿಯಾದ ಒತ್ತಡ ಎಲ್ಲರಿಗೂ ತಿಳಿದ ಕಾರಣಗಳು. ತಿಳಿಯದಿರುವ ಒಂದು ಕಾರಣ ಕಡತಗಳ ಅನುಮತಿ. ಇದು ಯಾವುದೋ ಒಂದು ಕಚೇರಿಯ ಸಮಸ್ಯೆಯಲ್ಲ. ಲಿನಕ್ಸ್ ಬಳಸುವ ಸರ್ವರುಗಳಿಗೆಲ್ಲ ಅನ್ವಯಿಸುವ ನಿಯಮ.

ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ನೆಯದರಲ್ಲಿ ಸಾಗುವಳಿದಾರನ ಹೆಸರು ಇರುವಂತೆ, ಲಿನಕ್ಸ್‌ನ ಪ್ರತಿ ಕಡತಕ್ಕೂ ಒಬ್ಬ ಮಾಲೀಕ, ಒಂದು ಗುಂಪು ಇರುತ್ತದೆ, ಉಳಿದವರೆಲ್ಲ 'ಇತರರು'. ಓದುವುದಕ್ಕೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1 ಅಂಕ. 640 ಎಂದರೆ ಮಾಲೀಕ ಓದಿ ಬರೆಯಬಹುದು, ಗುಂಪು ಓದಬಹುದು, ಇತರರಿಗೆ ಏನೂ ಇಲ್ಲ.

ಹಳೆಯ ಯಂತ್ರದಿಂದ ಹೊಸದಕ್ಕೆ ತಂತ್ರಾಂಶವನ್ನು ಸಾಗಿಸುವಾಗ ತೊಡಕು ಹುಟ್ಟುವುದುಂಟು. ನಕಲು ಮಾಡಿದವನು 'ರೂಟ್' ಆಗಿದ್ದರೆ ಕಡತಗಳ ಮಾಲೀಕನೂ ಅವನೇ ಆಗಿಬಿಡಬಹುದು. ವೆಬ್ ಸರ್ವರ್ ಮಾತ್ರ ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ. ದಾಖಲೆ ಬರೆಯಬೇಕಾದ ಲಾಗ್ ಕಡತ ಇಲ್ಲ, ಹೊಸದನ್ನು ಸೃಷ್ಟಿಸಲು ಹಕ್ಕೂ ಇಲ್ಲ. ತಂತ್ರಾಂಶ ನಿಂತುಹೋಗುತ್ತದೆ, ಕಿಟಕಿಯ ಹೊರಗೆ ನಿಂತವನಿಗೆ ಕಾಣುವುದು '500 ದೋಷ' ಮಾತ್ರ.

ಪರಿಹಾರಕ್ಕೆ ಕಮಾಂಡ್ ಸಾಲಿನ ಮೂರು ಆದೇಶ ಸಾಕು. 'ಟಚ್' ಖಾಲಿ ಕಡತವನ್ನು ಸೃಷ್ಟಿಸುತ್ತದೆ, 'ಸಿಎಚ್‌ಓನ್' ಮಾಲೀಕತ್ವವನ್ನು ವರ್ಗಾಯಿಸುತ್ತದೆ, 'ಸಿಎಚ್‌ಮಾಡ್' ಅಂಕಗಳನ್ನು ನಿಗದಿಪಡಿಸುತ್ತದೆ. ಅದಕ್ಕೂ ಮೊದಲು 'ಎಲ್‌ಎಸ್ -ಎಲ್' ನೀಡಿ ಈಗ ಯಾರ ಹೆಸರಿನಲ್ಲಿದೆ ಎಂದು ನೋಡಬೇಕು. ಕಡತ ಸರಿಯಿದ್ದರೂ ಅದಿರುವ ಫೋಲ್ಡರಿಗೆ, ಅದರ ಮೇಲಿನ ಫೋಲ್ಡರುಗಳಿಗೆ ಪ್ರವೇಶದ ಹಕ್ಕು, ಅಂದರೆ ಆ 1 ಅಂಕ, ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಅವಸರದಲ್ಲಿ 777 ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಸರ್ವರ್ ಓಡುತ್ತದೆ, ನಿಜ. ಆದರೆ ಆ ಯಂತ್ರದೊಳಗೆ ನುಸುಳಿದ ಯಾರು ಬೇಕಾದರೂ ಆ ಕಡತವನ್ನು ತಿದ್ದಬಹುದು. ಜನರ ಜಮೀನಿನ ಲೆಕ್ಕವಿರುವ ಕಡೆ ಇದು ಅಕ್ಷಮ್ಯ.

ಅನುಮತಿಗಳೆಲ್ಲ ಸರಿಯಿದ್ದೂ ಕಡತ ಹುಟ್ಟದಿದ್ದರೆ 'ಡಿಎಫ್' ಆದೇಶ ಕೊಟ್ಟು ನೋಡಬೇಕು. ಡಿಸ್ಕ್ ತುಂಬಿದ್ದರೆ ಮಾಲೀಕನಿಗೂ ಬರೆಯಲು ಜಾಗವಿರುವುದಿಲ್ಲ.