ಹೆಸರಿನಲ್ಲೇ ಊರನ್ನಿಟ್ಟುಕೊಂಡಿದ್ದ ನಮ್ಮ ಸಿಂಹ

ಸೋದರಿಯರೇ, ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ ರಾಮನಗರದ ಬಂಡೆಗಳು ಕಂಡ ಕೂಡಲೇ ಯಾರಾದರೊಬ್ಬರು "ಶೋಲೆ ಸಿನಿಮಾ ತೆಗೆದಿದ್ದು ಇಲ್ಲೇ ನೋಡ್ರಿ" ಎಂದು ಹೇಳಿಯೇ ತೀರುತ್ತಾರೆ. ನಿಜ, 1975ರಲ್ಲಿ ಬಂದ ಆ ಚಿತ್ರದ ಗಬ್ಬರ್ ಸಿಂಗನು ಓಡಾಡಿದ್ದು ನಮ್ಮ ರಾಮದೇವರ ಬೆಟ್ಟದ ಸುತ್ತಲೇ. ಮಾಗಡಿಯವರು ಜೊತೆಗಿದ್ದರೆ ಸಾವನದುರ್ಗದ ಮಾತು ತೆಗೆಯುತ್ತಾರೆ. ಇಂಗ್ಲೆಂಡಿನ ಡೇವಿಡ್ ಲೀನ್ ಎಂಬ ದೊಡ್ಡ ನಿರ್ದೇಶಕರು 1984ರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ಅಲ್ಲಿಗೆ ಬಂದಿದ್ದರಂತೆ ಎಂದು ಹೆಮ್ಮೆ ಪಡುತ್ತಾರೆ. ಕನಕಪುರದವರು ಸಂಗಮ, ಮೇಕೆದಾಟು ಎನ್ನುತ್ತಾರೆ. ಚನ್ನಪಟ್ಟಣ ಬಂತೋ, ಎಲ್ಲರ ಬಾಯಲ್ಲೂ ಬೊಂಬೆಯ ಮಾತೇ.

ಆದರೆ "ಇದು ಸಿ.ಆರ್. ಸಿಂಹ ಹುಟ್ಟಿದೂರು" ಎಂದು ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ನಮ್ಮಪ್ಪ ಒಬ್ಬರು ಮಾತ್ರ ಹೇಳುತ್ತಿದ್ದರು.

ಅಪ್ಪ ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುತ್ತಿದ್ದವರು. ದಿನವಿಡೀ ಮರ ಕಡೆದು, ಅರಗಿನ ಬಣ್ಣ ಹಚ್ಚಿ, ಸಂಜೆ ಕೈಕಾಲು ತೊಳೆದು ಕುಳಿತರೆಂದರೆ ಅವರಿಗೆ ಬೇಕಾಗಿದ್ದು ಎರಡೇ, ಒಂದು ಲೋಟ ಕಾಫಿ, ಒಂದಿಷ್ಟು ನಗು. ಆಗ ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ. ಭಾನುವಾರ ದೂರದರ್ಶನದಲ್ಲಿ ಬರುವ ಕನ್ನಡ ಸಿನಿಮಾ ನೋಡಲು ಪಕ್ಕದ ಮನೆಯ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ತೆರೆಯ ಮೇಲೆ ಸಿಂಹ ಕಾಣಿಸಿಕೊಂಡರೆ ಸಾಕು, ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು, "ನಮ್ಮೂರೋರು ಬಂದ್ರು, ಸುಮ್ಕಿರ್ರೋ!" ಅನ್ನೋರು. "ಸಿ ಅಂದ್ರೆ ಏನು ಗೊತ್ತೇನಮ್ಮ? ಚನ್ನಪಟ್ಟಣ! ಎಷ್ಟು ದೊಡ್ಡೋರಾದ್ರೂ ಊರ್ನ ಬಿಟ್ಟಿಲ್ಲ ನೋಡು" ಎಂದು ಪ್ರತಿ ಸಲವೂ ಹೊಸದಾಗಿ ಹೇಳುವಂತೆ ಹೇಳುತ್ತಿದ್ದರು.

ಅಪ್ಪ ಹೇಳುತ್ತಿದ್ದುದು ಸರಿಯೇ. ಚನ್ನಪಟ್ಟಣ ರಾಮಸ್ವಾಮಿ ಸಿಂಹ ಎಂಬುದೇ ಅವರ ಪೂರ್ತಿ ಹೆಸರು. ಹುಟ್ಟಿದ್ದು 1942ರ ಜೂನ್ 16ರಂದು. 'ಶುಭಮಂಗಳ', 'ಮಾನಸ ಸರೋವರ' ಚಿತ್ರಗಳಲ್ಲಿ ನಮ್ಮ ತಾಯಂದಿರ ಮನ ಗೆದ್ದ, ಮುಂದೆ ಟೀವಿಯಲ್ಲಿ 'ಆದರ್ಶ ದಂಪತಿಗಳು' ನಡೆಸಿಕೊಟ್ಟು ಮನೆಮನೆಯ ನೆಂಟರಂತಾದ ಪ್ರಣಯರಾಜ ಶ್ರೀನಾಥ್ ಇವರ ತಮ್ಮ. ತಮ್ಮ ನಾಯಕನಾದರೆ, ಅಣ್ಣನಿಗೆ ಸಿಕ್ಕಿದ್ದು ಹೆಚ್ಚಾಗಿ ಪೋಷಕ ಪಾತ್ರಗಳು. ಆದರೆ ಅಡಿಗೆಯಲ್ಲಿ ಒಗ್ಗರಣೆ ಎಷ್ಟಿರುತ್ತದೆ ಹೇಳಿ? ಒಂದು ಚಮಚ. ಅದಿಲ್ಲದಿದ್ದರೆ ಸಾರಿಗೆ ರುಚಿಯೆಲ್ಲಿ?

ಎಂ.ಎಸ್. ಸತ್ಯು ಅವರ 'ಚಿತೆಗೂ ಚಿಂತೆ', 'ಬರ' ಚಿತ್ರಗಳನ್ನು ನೀವು ನೋಡಿದ್ದರೆ ಸಿಂಹ ಅವರ ಕಣ್ಣು ಮರೆಯಲಾರಿರಿ. ಅವರು ನಗಿಸುವುದಕ್ಕೆಂದು ಕೋತಿಚೇಷ್ಟೆ ಮಾಡಿದವರಲ್ಲ. ಮುಖ ಗಂಭೀರವಾಗಿಯೇ ಇರುತ್ತಿತ್ತು. ಹುಬ್ಬು ಸ್ವಲ್ಪ ಮೇಲೇರುತ್ತಿತ್ತು, ಮಾತಿನ ಮಧ್ಯೆ ಒಂದು ಗಳಿಗೆ ನಿಲ್ಲುತ್ತಿದ್ದರು, ಅಷ್ಟೇ. ನಮಗೆ ನಗು ತಡೆಯಲಾಗುತ್ತಿರಲಿಲ್ಲ.

ಸಿನಿಮಾ ಅವರ ಕೆಲಸದಲ್ಲಿ ಒಂದು ಪಾಲು ಮಾತ್ರ. ಹುಡುಗನಾಗಿದ್ದಾಗಲೇ ಬೆಂಗಳೂರಿನ ಪ್ರಭಾತ್ ಕಲಾವಿದರು ತಂಡದಲ್ಲಿ ಬಣ್ಣ ಹಚ್ಚಿದವರು. 1972ರಲ್ಲಿ ಗೆಳೆಯರೊಂದಿಗೆ 'ನಟರಂಗ' ಕಟ್ಟಿದರು. ಗಿರೀಶ ಕಾರ್ನಾಡರ 'ತುಘಲಕ್', ಲಂಕೇಶರ 'ಸಂಕ್ರಾಂತಿ', ಮಾಸ್ತಿಯವರ 'ಕಾಕನಕೋಟೆ' ನಾಟಕಗಳಿಂದ ಹೆಸರಾದರು. ಕಾಡುಕುರುಬರ ಕಥೆಯಾದ 'ಕಾಕನಕೋಟೆ'ಯನ್ನು 1977ರಲ್ಲಿ ಸಿನಿಮಾ ಮಾಡಿದವರೂ ಅವರೇ. ನಾವೆಲ್ಲ ಭಾವಗೀತೆ ಕೇಳಿ ತಲೆದೂಗುವ ಸಿ. ಅಶ್ವಥ್ ಅವರು ಸಿನಿಮಾಕ್ಕೆ ಸಂಗೀತ ಕೊಡಲು ಶುರು ಮಾಡಿದ್ದೂ ಅದೇ ಚಿತ್ರದಿಂದ.

ಒಬ್ಬರೇ ನಿಂತು ಸಭೆ ಗೆದ್ದವರು

1983ರಲ್ಲಿ ಸಿಂಹ 'ವೇದಿಕೆ' ಎಂಬ ತಮ್ಮದೇ ತಂಡ ಕಟ್ಟಿದರು. ಅದರ ಮೊದಲ ನಾಟಕ 'ಟಿಪಿಕಲ್ ಟಿ.ಪಿ. ಕೈಲಾಸಂ'. ಬರೆದವರು ಟಿ.ಎನ್. ನರಸಿಂಹನ್. ರಂಗದ ಮೇಲೆ ಒಬ್ಬರೇ ಸಿಂಹ! ಕರ್ನಾಟಕದ ಊರೂರುಗಳಲ್ಲಿ ಆಡಿ, ಲಂಡನ್, ಅಮೆರಿಕ, ಕೆನಡಾಗಳಿಗೂ ಆ ನಾಟಕ ಕೊಂಡೊಯ್ದರು.

ನಾನು ಅದನ್ನು ನೋಡಿದ್ದು ಮದುವೆಗೆ ಮುಂಚೆ, ಬೆಂಗಳೂರಿನಲ್ಲಿದ್ದ ಚಿಕ್ಕಮ್ಮನ ಜೊತೆ. ಸ್ವಲ್ಪ ಹೊತ್ತಿಗೆಲ್ಲ ನನಗೆ ಸಿಂಹ ಮರೆತೇ ಹೋದರು. ಎದುರಿಗಿದ್ದವರು ಕೈಲಾಸಂ. ಲಂಡನ್ನಿಗೆ ಹೋಗಿ ಭೂಗರ್ಭಶಾಸ್ತ್ರ ಓದಿ ಬಂದು, ಕೆಲಸ ಬಿಟ್ಟು, ಕನ್ನಡ ಇಂಗ್ಲಿಷ್ ಬೆರೆಸಿ ನಾಟಕ ಕಟ್ಟಿದ ಆ ಮಹಾನುಭಾವ. ನಕ್ಕು ನಕ್ಕು ಚಿಕ್ಕಮ್ಮನ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ನೀರಿತ್ತು, ಆದರೆ ಅದರ ಕಾರಣ ಬೇರೆ.

ಕಾರಣ ಹೇಳಿಬಿಡುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಕೈಲಾಸಂ ಅವರ 'ಟೊಳ್ಳು ಗಟ್ಟಿ' ಆಡಿಸುವುದೆಂದಾಯಿತು. ಪರೀಕ್ಷೆಯಲ್ಲಿ ಮೊದಲು ಬಂದವನು ಒಳಗೆ ಟೊಳ್ಳು, ಓದಿನಲ್ಲಿ ಹಿಂದಿದ್ದರೂ ತಾಯಿಯ ಕಷ್ಟಕ್ಕೆ ಆಗುವವನೇ ಗಟ್ಟಿ ಎನ್ನುವ ನಾಟಕ. ನನಗೆ ತಾಯಿಯ ಪಾತ್ರ ಬಂತು. ಅಮ್ಮನ ಹಳೇ ಸೀರೆ ಉಟ್ಟು, ಹಿತ್ತಲಲ್ಲಿ ಒಗೆಯುವ ಕಲ್ಲಿನ ಮುಂದೆ ನಿಂತು ಮಾತು ಬಾಯಿಪಾಠ ಮಾಡಿದೆ. ಇನ್ನೆಂಟು ದಿನ ಇದೆ ಎನ್ನುವಾಗ ಅಪ್ಪನ ಕಿವಿಗೆ ಬಿತ್ತು. "ನಾಟಕ ಗೀಟಕ ಏನೂ ಬ್ಯಾಡ. ನಾಳೆ ಗಂಡು ಹುಡುಕ್ಬೇಕು. ನೋಡ್ದೋರು ಏನಂತಾರೆ?" ಎಂದುಬಿಟ್ಟರು. ಇಲ್ಲ ಎಂದು ಮೇಷ್ಟ್ರಿಗೆ ಹೇಳಲು ಕೂಡ ನನ್ನನ್ನೇ ಕಳಿಸಿದರು.

ನಾಟಕದ ದಿನ ಹೊಟ್ಟೆನೋವೆಂದು ಮನೆಯಲ್ಲೇ ಮಲಗಿದ್ದೆ. ಮುಂದಿನ ಭಾನುವಾರವೇ ಪಕ್ಕದ ಮನೆ ಟೀವಿಯಲ್ಲಿ ಸಿಂಹ ಬಂದರು. ಅಪ್ಪ ಎಂದಿನಂತೆ, "ನಮ್ಮೂರೋರು!" ಎಂದರು. ನಾನು ಚಾಪೆಯಿಂದೆದ್ದು ಹೊರಟುಹೋದೆ. ನಮ್ಮೂರ ಗಂಡುಮಗ ಬಣ್ಣ ಹಚ್ಚಿದರೆ ಊರಿಗೇ ಹೆಮ್ಮೆ, ಸ್ವಂತ ಮಗಳು ಹಚ್ಚಿದರೆ ಮನೆಗೆ ಅವಮಾನ! ಇದೆಂಥ ನ್ಯಾಯ? ಆ ಕೋಪವನ್ನು ಅಪ್ಪನ ಮುಂದೆ ಆಡಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಯಿತು, ಕೆಲವು ವರ್ಷಕ್ಕೆ ಕನಕಪುರಕ್ಕೆ ಸೊಸೆಯಾಗಿ ಬಂದೆ. ನನ್ನ ಹೆಸರಿನ ಹಿಂದಿದ್ದ ಚನ್ನಪಟ್ಟಣ ಹೋಗಿ ಯಜಮಾನರ ಇನಿಷಿಯಲ್ ಬಂತು. ಸಿಂಹ ಊರೆಲ್ಲ ಸುತ್ತಿದರೂ ಹುಟ್ಟಿದೂರನ್ನು ಹೆಸರಿನಲ್ಲಿಟ್ಟುಕೊಂಡಿದ್ದರು. ನಾವೋ, ಮೂವತ್ತು ಮೈಲಿಯೂ ಆಚೆ ಹೋಗದೆ ಅದನ್ನು ಬಿಟ್ಟುಬಿಡುತ್ತೇವೆ.

ಶಿವರಾತ್ರಿಯ ಮರುದಿನ

2014ರ ಶಿವರಾತ್ರಿಗೆ ತವರಿಗೆ ಹೋಗಿದ್ದೆ. ಜಾಗರಣೆ ಮುಗಿಸಿ ಮರುದಿನ, ಫೆಬ್ರವರಿ 28ರಂದು, ಟೀವಿಯಲ್ಲಿ ಸುದ್ದಿ ಬಂತು. ಸಿ.ಆರ್. ಸಿಂಹ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. ಎಪ್ಪತ್ತೊಂದು ವರ್ಷ. ಕ್ಯಾನ್ಸರ್ ಅಂತೆ. ತೆರೆಯ ಮೇಲೆ ಹಳೆಯ ಪಾತ್ರಗಳನ್ನು ಒಂದರ ಹಿಂದೊಂದು ತೋರಿಸುತ್ತಿದ್ದರು.

ಅಪ್ಪನಿಗೆ ಅಷ್ಟು ಹೊತ್ತಿಗೆ ಕೈ ನಡುಗುತ್ತಿತ್ತು, ಬೊಂಬೆ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಟೀವಿ ಕಡೆಯೇ ನೋಡುತ್ತಾ, "ಅವತ್ತು ನಿನ್ನ ನಾಟಕಕ್ಕೆ ಬಿಡ್ಬೇಕಿತ್ತು ಕಣಮ್ಮ" ಎಂದರು.

ಇಪ್ಪತ್ತು ವರ್ಷ ಅವರಿಗೆ ಅದು ನೆನಪಿತ್ತೇ! ನನ್ನ ಹಿತ್ತಲಿನ ಮಾತುಗಳನ್ನೂ ಕೇಳಿಸಿಕೊಂಡಿದ್ದರಂತೆ. "ಚೆನ್ನಾಗ್ ಹೇಳ್ತಿದ್ದೆ" ಎಂದರು. ನಾನು ಒಳಗೆ ಹೋಗಿ ಕಾಫಿ ಬೆರೆಸುವ ನೆಪದಲ್ಲಿ ಅತ್ತೆ. ಎರಡು ವರ್ಷದ ನಂತರ ಅಪ್ಪನೂ ಹೋದರು.

ಇದನ್ನೆಲ್ಲ ಈಗೇಕೆ ಬರೆದೆನೆಂದರೆ, ಹೋದ ವರ್ಷ ಕಾಲೇಜಿನಲ್ಲಿ ಓದುವ ನನ್ನ ಮಗಳು ಬಂದು, "ಅಮ್ಮ, ನಾಟಕಕ್ಕೆ ಸೇರ್ಕೊಂಡಿದೀನಿ, ಅಜ್ಜಿಗೆ ನೀನೇ ಹೇಳು" ಎಂದಳು. ಅತ್ತೆಯವರು ಕೇಳಿದ ತಕ್ಷಣ, "ಗಂಡು ನೋಡೋ ವಯಸ್ಸಲ್ಲಿ ಇದ್ಯಾಕೆ? ನೋಡ್ದೋರು ಏನಂತಾರೆ?" ಎಂದರು. ಅದೇ ಮಾತು! ಮೂವತ್ತು ವರ್ಷವಾದರೂ ಒಂದಕ್ಷರ ಬದಲಾಗಿಲ್ಲ.

ನಾನು ಜಗಳವಾಡಲಿಲ್ಲ. ರಾತ್ರಿ ಊಟವಾದ ಮೇಲೆ ಅತ್ತೆಯವರ ಕಾಲಿಗೆ ಎಣ್ಣೆ ತಿಕ್ಕುತ್ತಾ ಅಪ್ಪನ ಕಥೆ ಹೇಳಿದೆ. ಹಿತ್ತಲಿನ ಕಲ್ಲು, ಹೊಟ್ಟೆನೋವಿನ ಸುಳ್ಳು, ಶಿವರಾತ್ರಿಯ ಮರುದಿನ, ಎಲ್ಲವನ್ನೂ. ಅವರು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. "ಹೊತ್ತಿಗೆ ಮುಂಚೆ ಮನೆಗೆ ಬರ್ಲಿ" ಎಂದರು. ನಮ್ಮ ಮನೆಯಲ್ಲಿ ಒಪ್ಪಿಗೆಯೆಂದರೆ ಅದೇ.

ನಾಟಕದ ದಿನ ಅತ್ತೆಯವರು ರೇಷ್ಮೆ ಸೀರೆಯುಟ್ಟು ಮೂರನೇ ಸಾಲಿನಲ್ಲಿ ಕುಳಿತಿದ್ದರು. ಮೊಮ್ಮಗಳು ಮಾತು ನಿಲ್ಲಿಸಿ ಹುಬ್ಬೇರಿಸಿದಾಗ ಸಭೆಯೆಲ್ಲ ನಕ್ಕಿತು, ಇವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪಕ್ಕದಲ್ಲಿದ್ದ ಹೆಂಗಸು "ಯಾರ ಮನೆ ಹುಡುಗಿ?" ಎಂದು ಕೇಳಿದ್ದೇ ತಡ, "ನಮ್ಮನೇದು" ಎಂದರು. ಮನೆಗೆ ಬಂದ ಮೇಲೆ ಮಾತ್ರ "ಇದೊಂದೇ ಸಲ" ಎನ್ನುವುದನ್ನು ಮರೆಯಲಿಲ್ಲ! ಇನ್ನೊಂದು ಸಲದ ಮಾತು ಬಂದಾಗ ಮತ್ತೆ ಎಣ್ಣೆ ಬಟ್ಟಲು ಹಿಡಿಯಬೇಕು, ಇನ್ನೇನು ಮಾಡುವುದು.

ಸೋದರಿಯರೇ, ಮುಂದೆ ನೀವು ಚನ್ನಪಟ್ಟಣದ ಮೇಲೆ ಹಾದುಹೋದರೆ ಮಕ್ಕಳಿಗೆ ಬೊಂಬೆ ಕೊಡಿಸಿ. ಜೊತೆಗೆ ನಮ್ಮೂರ ಸಿಂಹ ಅವರ ಹೆಸರನ್ನೂ ಹೇಳಿ. ನಿಮ್ಮ ಮನೆಯಲ್ಲೂ ಒಬ್ಬ ಮಗಳು ಹಿತ್ತಲಲ್ಲಿ ನಿಂತು ತನ್ನಷ್ಟಕ್ಕೆ ಮಾತು ಬಾಯಿಪಾಠ ಮಾಡುತ್ತಿದ್ದರೆ, ಕೇಳಿಸಿಕೊಂಡೂ ಸುಮ್ಮನಿರಬೇಡಿ. ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಅವತ್ತೇ ಹೇಳಿಬಿಡಿ.