ತೆಳುವಾದ ಯಂತ್ರಕ್ಕೊಂದು ದಪ್ಪ ಅಂಗಿ

1981ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಆಸ್ಬೋರ್ನ್-1 ಕಂಪ್ಯೂಟರಿಗೆ ಬಟ್ಟೆಯ ರಕ್ಷಣೆ ಬೇಕಿರಲಿಲ್ಲ. ಸುಮಾರು 11 ಕಿಲೋ ತೂಕ, ಐದಂಗುಲದ ಪರದೆ. ಕೀಬೋರ್ಡೇ ಮುಚ್ಚಳ. ಮುಚ್ಚಿ ಹಿಡಿ ಹಿಡಿದು ಎತ್ತಿದರೆ ಹೊಲಿಗೆ ಯಂತ್ರದ ಪೆಟ್ಟಿಗೆಯಂತೆಯೇ ಕಾಣುತ್ತಿತ್ತು. ಅದನ್ನು ತಯಾರಿಸಿದ ಆಡಂ ಆಸ್ಬೋರ್ನ್ ಬಾಲ್ಯ ಕಳೆದದ್ದು ನಮ್ಮ ನೆರೆಯ ತಿರುವಣ್ಣಾಮಲೈಯಲ್ಲಿ. ಅವರ ತಂದೆ ರಮಣ ಮಹರ್ಷಿಗಳ ಭಕ್ತರು.

ಮುಂದೆ ಕಂಪ್ಯೂಟರು ತೊಡೆಯ ಮೇಲೆ ಕೂರುವಷ್ಟು ಚಿಕ್ಕದಾಯಿತು, ಗಟ್ಟಿ ಪೆಟ್ಟಿಗೆ ಹೋಯಿತು. ಚರ್ಮದ, ನೈಲಾನಿನ ಹೆಗಲ ಚೀಲಗಳು ಬಂದವು. ಆದರೆ ಆ ಚೀಲದೊಳಗೇ ಚಾರ್ಜರು, ಬೀಗದ ಕೈ, ಊಟದ ಡಬ್ಬಿ ಎಲ್ಲವೂ ಸೇರಿ ಒಂದಕ್ಕೊಂದು ಉಜ್ಜತೊಡಗಿದವು. ಚೀಲದೊಳಗೆ ಇನ್ನೊಂದು ಮೆತ್ತನೆಯ ಹೊದಿಕೆ ಬೇಕೆನಿಸಿದ್ದು ಆಗ. ಅದಕ್ಕೆ ಮೊದಲು ಒದಗಿದ ಜನಪ್ರಿಯ ಬಟ್ಟೆಗಳಲ್ಲೊಂದು ಸಮುದ್ರದ ಕಡೆಯಿಂದ ಬಂದದ್ದು. 1952ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್, ಮುಳುಗುಗಾರರ ಮೈ ಒದ್ದೆಯಾದರೂ ಪರವಾಗಿಲ್ಲ, ಬಟ್ಟೆಯೊಳಗೆ ಅನಿಲದ ಸಣ್ಣ ಗುಳ್ಳೆಗಳಿದ್ದರೆ ಚಳಿ ತಟ್ಟದು ಎಂದು ಕಂಡುಕೊಂಡರು. ಅವರು ಆರಿಸಿಕೊಂಡ ನಿಯೋಪ್ರೀನ್ ರಬ್ಬರಿನ ಹಾಳೆಯನ್ನೇ ಮುಂದೆ ಲ್ಯಾಪ್‌ಟಾಪ್ ಕವರ್ ಮಾಡುವವರು ಹಿಡಿದುಕೊಂಡರು. ಚಳಿ ತಡೆದ ಗುಳ್ಳೆಗಳು ಸಣ್ಣಪುಟ್ಟ ಪೆಟ್ಟನ್ನೂ ತಡೆದವು.

ಮನೆಯ ಹೊಲಿಗೆಗೆ ಬಾಗಿಲು ತೆರೆದದ್ದು ಯಂತ್ರಗಳು ತೀರಾ ಚಪ್ಪಟೆಯಾದ ಮೇಲೆ. 2008ರ ಜನವರಿ 15ರಂದು ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಕಚೇರಿಯ ಕಾಗದದ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದರು. ನೋಡಿದವರು ಅದರ ತೆಳುವಿಗೆ ಬೆರಗಾದರು. ಹೊಲಿಗೆ ಬಲ್ಲವರಿಗೆ ಅಲ್ಲಿ ಇನ್ನೊಂದು ಸಂಗತಿಯೂ ಇತ್ತು: ಲಕೋಟೆಯಲ್ಲಿ ಹಿಡಿಸುವಂಥದ್ದಕ್ಕೆ ಎರಡು ನೇರ ಹೋಳುಗಳು ಸಾಕು. ರವಿಕೆಗೆ ಬೇಕಾದ ಡಾರ್ಟ್ ಇಲ್ಲ, ಕಂಕುಳ ತಿರುವಿಲ್ಲ. ಅದರ ಹಿಂದಿನ ವರ್ಷವಷ್ಟೇ ಕಿಂಡಲ್ ಬಂದಿತ್ತು; 2010ರಲ್ಲಿ ಐಪ್ಯಾಡ್ ಬಂತು. ಹೊಲಿಗೆ ಆಗತಾನೆ ಕಲಿತವರೂ ಕೈ ಹಾಕಬಹುದಾದ ಕೆಲಸವಾಯಿತು ಇದು.

ಸುಲಭವೆಂದೆ, ಆದರೆ ಅಳತೆ ತಪ್ಪುವುದೂ ಇಲ್ಲೇ. ಆ ಮೊದಲ ಏರ್‌ನ ಅಗಲ 32.5 ಸೆಂ.ಮೀ., ದಪ್ಪವಿದ್ದ ಕಡೆ 1.94 ಸೆಂ.ಮೀ. ಬಟ್ಟೆ ಯಂತ್ರವನ್ನು ಸುತ್ತಿ ಬರಬೇಕಲ್ಲ, ಹಾಗಾಗಿ ಅಗಲಕ್ಕೆ ದಪ್ಪವನ್ನೂ ಕೂಡಿಸಬೇಕು: ಸುಮಾರು 34.5. ಎರಡು ಬದಿಯ ಹೊಲಿಗೆಗೆ ಒಂದೊಂದು ಸೆಂ.ಮೀ., ಒಳಗಿನ ಮೆತ್ತೆ ನುಂಗುವ ಜಾಗಕ್ಕೆ ಮತ್ತೊಂದು. ಕೊನೆಗೆ ಪ್ರತಿ ಹೋಳು 37.5 ಸೆಂ.ಮೀ. ಮೆತ್ತೆಯಿಟ್ಟು ಹೊಲಿದಾಗ ಬಟ್ಟೆ ಸುಕ್ಕಿ ಕುಗ್ಗುತ್ತದೆ. ಆದ್ದರಿಂದ ಮೊದಲು ಹೊಲಿಗೆ ಓಡಿಸಿ, ಆಮೇಲೆ ಅಳತೆಗೆ ಕತ್ತರಿಸುವುದು ಲೇಸು. ಲೈನಿಂಗ್ ಹೊರಬಟ್ಟೆಗಿಂತ ಕೂದಲೆಳೆಯಷ್ಟು ಕಿರಿದಾಗಿರಲಿ, ಇಲ್ಲವಾದರೆ ಒಳಗೆ ಮುದ್ದೆಯಾಗುತ್ತದೆ. ಹೊಲಿಗೆ ಯಂತ್ರದಲ್ಲಿ 16ನೇ ನಂಬರಿನ ಸೂಜಿ, ಉದ್ದನೆಯ ಟಾಕಾ. ಜಿಪ್ ಇಡುವುದಾದರೆ ಅದರ ಹಲ್ಲು ಲ್ಯಾಪ್‌ಟಾಪಿನ ಮೈಗೆ ತಾಗದಂತೆ ಒಳಗೊಂದು ಪಟ್ಟಿ ಬೇಕೇ ಬೇಕು.

ಮೆತ್ತೆಗೆ ಏನು ಹಾಕಬೇಕು? ಅಂಗಡಿಯ ಫೋಮ್ ಹಾಳೆ ಕೈಗೆ ಸುಲಭ. ಆದರೆ ಅಗ್ಗದ ಪಾಲಿಯುರೆಥೇನ್ ಫೋಮ್ ನಮ್ಮ ಸೆಕೆ-ತೇವಕ್ಕೆ ಕಾಲಕ್ರಮದಲ್ಲಿ ಹಳದಿಗಟ್ಟಿ ಪುಡಿ ಉದುರುತ್ತದೆ. ನನ್ನ ಒಲವು ಹಳೆಯ ಹತ್ತಿ ಸೀರೆಯ ಕಡೆಗೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಉಟ್ಟು ಹಣ್ಣಾದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕುತ್ತಾರೆ. ಆ ಹೊಲಿಗೆಯ ಸಾಲುಗಳು ಅಂದಕ್ಕಷ್ಟೇ ಅಲ್ಲ. ಪದರಗಳು ಜಾರದಂತೆ, ಒಂದೇ ಕಡೆ ಗಂಟುಗಟ್ಟದಂತೆ ಹಿಡಿದಿಡುವುದು ಅವೇ. ನಡುವೆ ಗಾಳಿ ಉಳಿಯುತ್ತದೆ. ಬ್ರಾಡ್ನರ್ ರಬ್ಬರಿನಲ್ಲಿ ಹುಡುಕಿದ ಗುಣವನ್ನು ತೊಟ್ಟಿಲ ಕೂಸಿಗೆ ಕೌದಿ ಹೊದಿಸಿದ ಅಜ್ಜಿಯಂದಿರು ಕೈಯಲ್ಲೇ ಅರಿತಿದ್ದರು. ಅವರ ಈ ಜ್ಞಾನವನ್ನು ಬರೀ ಬಡತನದ ಕೆಲಸವೆಂದು ತಳ್ಳಿಹಾಕುವುದು ನನಗೆ ಸಹಿಸಲಾಗದ ಮಾತು.

ನಾಲ್ಕೈದು ಪದರ ಸೀರೆ, ನಡುವೆ ಹಳೆಯ ಕಂಬಳಿಯ ತುಂಡೊಂದು ಇದ್ದರೆ ಲ್ಯಾಪ್‌ಟಾಪಿಗೆ ಗೀರು ಬೀಳುವುದಿಲ್ಲ, ಬಸ್ಸಿನ ಕುಲುಕಾಟಕ್ಕೂ ತಡೆಯುತ್ತದೆ. ಮೇಜಿನಿಂದ ನೆಲಕ್ಕೆ ಬಿದ್ದರೆ ಉಳಿಸುತ್ತದೆಂದು ಮಾತು ಕೊಡಲಾಗದು. ಬಿದ್ದಾಗ ಪೆಟ್ಟು ಹೆಚ್ಚಾಗಿ ತಾಗುವುದು ಮೂಲೆಗೆ.

ಮೂಲೆಯ ವಿಷಯದಲ್ಲಿ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರ ಕೌದಿಯನ್ನು ನೋಡಬೇಕು. ಅವರು ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಮುಕ್ಕೋನಗಳನ್ನು ಒಂದರ ಮೇಲೊಂದಿಟ್ಟು ಹೂ ಕೂರಿಸುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಅಪೂರ್ಣ. ಅವರಿಗೆ ಅದು ಅಲಂಕಾರ, ಪದ್ಧತಿ. ನಾವು ಅದೇ ಮುಕ್ಕೋನವನ್ನು ಕವರಿನ ಒಳಬದಿಗೆ, ಹೊರಬಟ್ಟೆ ಮತ್ತು ಲೈನಿಂಗಿನ ನಡುವೆ, ಎರಡು ಕೆಳಮೂಲೆಗಳಲ್ಲಿ ಇಟ್ಟು ಹೊಲಿಯಬಹುದು. ಬದಿಯ ಹೊಲಿಗೆ ಹಾಕುವ ಮೊದಲೇ ಅದನ್ನು ಕೈಟಾಕಾದಲ್ಲಿ ನಿಲ್ಲಿಸಿಕೊಳ್ಳಿ. ಆಮೇಲೆ ಸೂಜಿ ಅಲ್ಲಿಗೆ ಹೋಗುವುದಿಲ್ಲ.